‘ಪಶ್ಚಿಮದಲ್ಲಿ ಹೊಸದೇನೂ ಇಲ್ಲ’: ಓದಿದವರು ಏನೆಂದರು?

(ನಗರದ ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ನಮ್ಮ ಪತ್ರಿಕೆಯ ವರದಿಗಾರರೊಬ್ಬರು ಮಾಡಿದ ಭಾಷಣದ ಬರಹರೂಪ.)



ನನಗಿಂತ ಹೆಚ್ಚು ಓದಿದವರು, ಹೆಚ್ಚು ಕಂಡವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮುಗಿಸಿ ಪತ್ರಿಕೆ ಸೇರಿದವಳಿಗೋ ಸೇರಿದವನಿಗೋ ಮೊದಲು ಸಿಗುವ ಕೆಲಸವೇ ನನಗೂ ಸಿಕ್ಕಿತು: ಬೆಳಿಗ್ಗೆ ಪೊಲೀಸ್ ಠಾಣೆ, ಆಸ್ಪತ್ರೆ ಸುತ್ತುವುದು; ಸಂಜೆ ಕಚೇರಿಗೆ ಬಂದು ಓದುಗರ ಪತ್ರಗಳನ್ನು ವಿಂಗಡಿಸುವುದು. ಹೊಗಳಿಕೆ ಒಂದು ಕಡೆ, ಬೈಗುಳ ಒಂದು ಕಡೆ, ಪ್ರಕಟಣೆಗೆ ಯೋಗ್ಯವಾದವು ಇನ್ನೊಂದು ಕಡೆ. ಹೀಗೆ ಪತ್ರ ಬಿಡಿಸುತ್ತಾ ಕೂತಾಗಲೇ ನನಗೆ ಒಂದು ಕುತೂಹಲ ಹುಟ್ಟಿದ್ದು. ಒಂದು ಪುಸ್ತಕವನ್ನು ಬರೆದವನ ಬಗ್ಗೆ ನಾವು ಬೇಕಾದಷ್ಟು ಮಾತನಾಡುತ್ತೇವೆ. ಅದನ್ನು ಓದಿದವರ ಕಥೆ ಏನು?

ಇವತ್ತು ನಾನು ಹೇಳಹೊರಟಿರುವುದು ಅಂಥ ಒಂದು ಕಥೆ. ಜರ್ಮನಿಯ ಎರಿಕ್ ಮರಿಯ ರೆಮಾರ್ಕ್ ಬರೆದ ಕಾದಂಬರಿ ನಮ್ಮಲ್ಲಿ ಹೆಚ್ಚಾಗಿ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಎಂಬ ಇಂಗ್ಲಿಷ್ ಹೆಸರಿನಿಂದ ಪರಿಚಿತ. ಮೂಲ ಜರ್ಮನ್ ಹೆಸರಿನ ನೇರ ಅರ್ಥ ‘ಪಶ್ಚಿಮದಲ್ಲಿ ಹೊಸದೇನೂ ಇಲ್ಲ’ ಎಂದು. ಇದು ಕವಿತ್ವದ ಮಾತಲ್ಲ, ಸೈನ್ಯದ ಪ್ರಕಟಣೆಯ ಭಾಷೆ. ವಿಶೇಷವಾದದ್ದೇನೂ ನಡೆಯದ ದಿನ ಪತ್ರಿಕೆಗಳಿಗೆ ಕಳಿಸುವ ಒಂದು ಸಾಲು. ಕಾದಂಬರಿಯ ನಾಯಕ ಪೌಲ್ ಬಾಯ್ಮರ್ ಎಂಬ ಹುಡುಗ 1918ರ ಅಕ್ಟೋಬರಿನಲ್ಲಿ ಸಾಯುವ ದಿನವೂ ಪ್ರಕಟಣೆಯಲ್ಲಿ ಇರುವುದು ಆ ಒಂದೇ ಸಾಲು. ಅವನ ಸಾವು ಸುದ್ದಿಯಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವ ಯಾರಿಗಾದರೂ ಈ ಶೀರ್ಷಿಕೆ ಒಂದು ಕ್ಷಣ ಚುಚ್ಚದೆ ಇರದು.

ಬರೆದವನು ಯಾರು?

ರೆಮಾರ್ಕ್ ಹುಟ್ಟಿದ್ದು 1898ರಲ್ಲಿ, ಓಸ್ನಾಬ್ರುಕ್ ಎಂಬ ಊರಿನಲ್ಲಿ. 1916ರ ನವೆಂಬರಿನಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸೈನ್ಯಕ್ಕೆ ಕರೆ ಬಂತು. 1917ರ ಜೂನ್‌ನಲ್ಲಿ ಪಶ್ಚಿಮ ರಣರಂಗಕ್ಕೆ ಹೋದ. ಜುಲೈ 31ರಂದು ಸಿಡಿಗುಂಡಿನ ಚೂರುಗಳು ಕಾಲು, ತೋಳು, ಕುತ್ತಿಗೆಗೆ ಬಡಿದವು. ಅಲ್ಲಿಂದಾಚೆ ಯುದ್ಧದ ಬಹುಭಾಗವನ್ನು ಆತ ಕಳೆದದ್ದು ಆಸ್ಪತ್ರೆಯಲ್ಲಿ. ಅಂದರೆ ರಣರಂಗದಲ್ಲಿ ಇದ್ದದ್ದು ಎರಡು ತಿಂಗಳಿಗೂ ಕಡಿಮೆ. ಈ ಲೆಕ್ಕವನ್ನು ದಯವಿಟ್ಟು ನೆನಪಿಡಿ, ಮುಂದೆ ಇದೇ ದೊಡ್ಡ ವಾದವಾಗುತ್ತದೆ.

ಯುದ್ಧ ಮುಗಿದ ಮೇಲೆ ಶಾಲಾ ಮಾಸ್ತರಿಕೆ, ಸಮಾಧಿ ಕಲ್ಲುಗಳ ಮಾರಾಟ, ಟೈರ್ ಕಂಪೆನಿಯೊಂದರ ಪತ್ರಿಕೆಯ ಸಂಪಾದನೆ, ಕ್ರೀಡಾ ಪತ್ರಿಕೆಯ ಕೆಲಸ, ಹೀಗೆ ಹತ್ತು ಕಡೆ ಅಲೆದು 1927ರಲ್ಲಿ ಕೆಲವೇ ವಾರಗಳಲ್ಲಿ ಈ ಕಾದಂಬರಿ ಬರೆದ. ಎಸ್. ಫಿಶರ್ ಎಂಬ ಹೆಸರಾಂತ ಪ್ರಕಾಶನ ಸಂಸ್ಥೆ ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿತು. ಕೊನೆಗೆ ಉಲ್‌ಸ್ಟೈನ್ ಸಂಸ್ಥೆ ಒಪ್ಪಿಕೊಂಡು, ಮೊದಲು ತನ್ನ ದಿನಪತ್ರಿಕೆ ‘ಫೊಸಿಶ್ ಟ್ಸೈಟುಂಗ್’ನಲ್ಲಿ ಧಾರಾವಾಹಿಯಾಗಿ ಹಾಕಿತು. ಕಂತುಗಳು ಶುರುವಾದದ್ದು 1928ರ ನವೆಂಬರ್ 10ರಂದು. ಯುದ್ಧವಿರಾಮಕ್ಕೆ ಹತ್ತು ವರ್ಷ ತುಂಬಲು ಒಂದೇ ದಿನ ಬಾಕಿ ಇತ್ತು. ಡಿಸೆಂಬರ್ 9ಕ್ಕೆ ಧಾರಾವಾಹಿ ಮುಗಿಯಿತು; 1929ರ ಜನವರಿ ಕೊನೆಗೆ ಪುಸ್ತಕ ಹೊರಬಂತು.

ಹತ್ತು ವರ್ಷದ ಮೌನ

ಮುಂದಿನದನ್ನು ಪ್ರಕಾಶಕರೂ ಊಹಿಸಿರಲಿಲ್ಲ. ಪತ್ರಿಕೆಗೆ ಓದುಗರ ಪತ್ರಗಳು ರಾಶಿರಾಶಿಯಾಗಿ ಬಂದವು. ಆ ವರ್ಷದ ಕೊನೆಯ ಹೊತ್ತಿಗೆ ಜರ್ಮನಿಯೊಂದರಲ್ಲೇ ಸುಮಾರು ಹತ್ತು ಲಕ್ಷ ಪ್ರತಿ ಖರ್ಚಾಯಿತು. ಬ್ರಿಟನ್, ಫ್ರಾನ್ಸ್, ಅಮೆರಿಕ ಮೂರೂ ಸೇರಿ ಇನ್ನೊಂದು ಹತ್ತು ಲಕ್ಷದಷ್ಟು. ಸ್ವತಃ ಆ ಯುದ್ಧದಲ್ಲಿ ಹೋರಾಡಿದ್ದ ಆಸ್ಟ್ರೇಲಿಯದ ಎ. ಡಬ್ಲ್ಯು. ವ್ಹೀನ್ ಮಾಡಿದ ಇಂಗ್ಲಿಷ್ ಅನುವಾದ 1929ರ ಮಾರ್ಚ್‌ನಲ್ಲೇ ಬಂದಿತ್ತು. ನಿನ್ನೆಯ ಶತ್ರು ಬರೆದ ಪುಸ್ತಕವನ್ನು ಶತ್ರುದೇಶದವರು ಸಾಲು ನಿಂತು ಕೊಂಡರು.

ಏಕೆ? ಅಷ್ಟರಲ್ಲಿ ಯುದ್ಧದ ಪುಸ್ತಕಗಳು ಬಂದಿರಲಿಲ್ಲವೆಂದಲ್ಲ. ಸೇನಾಪತಿಗಳ ನೆನಪುಗಳು ಬಂದಿದ್ದವು. ಹಲವು ಬಾರಿ ಗಾಯಗೊಂಡು, ಜರ್ಮನಿಯ ಅತ್ಯುನ್ನತ ಶೌರ್ಯಪದಕ ಪಡೆದಿದ್ದ ಎರ್ನ್ಸ್ಟ್ ಯುಂಗರ್ 1920ರಲ್ಲೇ ತನ್ನ ಯುದ್ಧಾನುಭವವನ್ನು ಪ್ರಕಟಿಸಿದ್ದ. ಅವನ ಕಣ್ಣಿಗೆ ಯುದ್ಧ ಮನುಷ್ಯನನ್ನು ಪುಟಕ್ಕಿಡುವ ಬೆಂಕಿ. ಆದರೆ ಮನೆಗೆ ಮರಳಿ, ಕೆಲಸ ಹುಡುಕಿ, ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಿದ್ದ ಸಾಮಾನ್ಯ ಸಿಪಾಯಿಯ ಬಾಯಲ್ಲಿ ಮಾತಿರಲಿಲ್ಲ. ರೆಮಾರ್ಕ್‌ನ ಪುಸ್ತಕದಲ್ಲಿ ಅವನಿಗೆ ಗೊತ್ತಿದ್ದ ಯುದ್ಧ ಸಿಕ್ಕಿತು: ಹಸಿವು, ಹೇನು, ಇಲಿ, ಕೆಸರು. ಸತ್ತ ಗೆಳೆಯ ಕೆಮ್ಮರಿಕ್‌ನ ಒಳ್ಳೆಯ ಬೂಟುಗಳು ಮ್ಯೂಲರ್‌ಗೆ ಹೋಗಿ, ಅವನು ಸತ್ತ ಮೇಲೆ ಪೌಲ್‌ಗೆ ಬರುತ್ತವೆ. ಇದರಲ್ಲಿ ಯಾರದೂ ದುಷ್ಟತನವಿಲ್ಲ. ಬೂಟು ಬೇಕು, ಅಷ್ಟೆ. ಈ ಅರ್ಥದಲ್ಲಿ ಪುಸ್ತಕ ಅನೇಕರಿಗೆ ಒಂದು ಅನುಮತಿ ಪತ್ರದಂತೆ ಒದಗಿತು. ಹೆಂಡತಿಗೆ, ಮಕ್ಕಳಿಗೆ ಹೇಳಲಾಗದ್ದನ್ನು ಅವರ ಕೈಗೆ ಪುಸ್ತಕವಾಗಿ ಕೊಡಬಹುದಿತ್ತು.

ಇತಿಹಾಸಕಾರ ಮೊಡ್ರಿಸ್ ಎಕ್‌ಸ್ಟೈನ್ಸ್ 1989ರಲ್ಲಿ ಬರೆದ ಗ್ರಂಥದಲ್ಲಿ ಇದಕ್ಕೆ ಬೇರೆಯೇ ಕಾರಣ ಕೊಡುತ್ತಾನೆ. ಈ ಕಾದಂಬರಿ 1917ರ ಯುದ್ಧಕ್ಕಿಂತ ಹೆಚ್ಚಾಗಿ 1928ರ ಮನಸ್ಸನ್ನು ಹೇಳುತ್ತದೆ ಎಂಬುದು ಅವನ ವಾದ. ಹತ್ತು ವರ್ಷವಾದರೂ ಬದುಕು ನೆಟ್ಟಗಾಗದವರು ತಮ್ಮ ಸೋಲಿಗೆಲ್ಲ ಯುದ್ಧವೇ ಕಾರಣವೆಂದು ಇದರಲ್ಲಿ ಓದಿಕೊಂಡರು ಎನ್ನುತ್ತಾನೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಓದುಗ ತನ್ನ ಇಂದಿನ ನೋವನ್ನು ಹೊತ್ತುಕೊಂಡೇ ಅಲ್ಲವೆ ಪುಸ್ತಕದ ಬಳಿಗೆ ಹೋಗುವುದು? ನನ್ನ ಮೇಜಿಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ನಾವು ಬರೆದದ್ದಕ್ಕಿಂತ ಬರೆದವರ ಮನೆಯ ಸಂಗತಿಯನ್ನೇ ಹೇಳುತ್ತಿರುತ್ತವೆ.

ಬೈದವರು

ಈಗ ಬೈಗುಳದ ರಾಶಿಗೆ ಬರೋಣ. ಅದು ಒಂದೇ ದಿಕ್ಕಿನಿಂದ ಬರಲಿಲ್ಲವೆಂಬುದು ಸ್ವಾರಸ್ಯದ ಸಂಗತಿ.

ರಾಷ್ಟ್ರವಾದಿಗಳು ಇದು ಸತ್ತ ಯೋಧರಿಗೆ ಮಾಡಿದ ಅವಮಾನವೆಂದರು. ಎರಡು ತಿಂಗಳೂ ಯುದ್ಧ ನೋಡದವನಿಗೆ ಯುದ್ಧದ ಬಗ್ಗೆ ಬರೆಯುವ ಹಕ್ಕೇನು ಎಂದು ಕೇಳಿದರು. ಈ ಪ್ರಶ್ನೆಗೆ ಬಲ ತಂದವರಲ್ಲಿ ಪ್ರಕಾಶಕರೂ ಇದ್ದರು. ಇದು ಸಾಮಾನ್ಯ ಸೈನಿಕನೊಬ್ಬ ಮೊದಲ ಬಾರಿಗೆ ಲೇಖನಿ ಹಿಡಿದು ತೋಡಿಕೊಂಡದ್ದು ಎಂಬಂತೆ ಅವರು ಪ್ರಚಾರ ಮಾಡಿದ್ದರು. ನಿಜವಾಗಿ ರೆಮಾರ್ಕ್ 1920ರಲ್ಲೇ ಒಂದು ಕಾದಂಬರಿ ಪ್ರಕಟಿಸಿದ್ದ, ಅನುಭವಸ್ಥ ಪತ್ರಕರ್ತನಾಗಿದ್ದ. ಸತ್ಯವಾದ ಪುಸ್ತಕಕ್ಕೆ ಸುಳ್ಳು ಜಾಹೀರಾತು ಅಂಟಿಸಿದ್ದರಿಂದ ಶತ್ರುಗಳ ಕೈಗೆ ಕಲ್ಲು ಕೊಟ್ಟಂತಾಯಿತು. ಅವನ ಹೆಸರನ್ನು ಹಿಂದುಮುಂದಾಗಿಸಿ ‘ಕ್ರಾಮರ್’ ಎಂದು ಓದಿ, ಅವನೊಬ್ಬ ಯೆಹೂದಿ ಎಂಬ ಗಾಳಿಸುದ್ದಿ ಹಬ್ಬಿಸಿದವರೂ ಇದ್ದರು. ಎರಡೂ ಸುಳ್ಳು. ‘ಮೈನೋನ’ ಎಂಬ ಕಾವ್ಯನಾಮದ ಲೇಖಕನಂತೂ ರೆಮಾರ್ಕ್ ನಿಜವಾಗಿ ಬದುಕಿದ್ದನೇ ಎಂದು ಕೇಳುವ ವಿಡಂಬನೆಯ ಪುಸ್ತಕವನ್ನೇ 1929ರಲ್ಲಿ ತಂದ.

ಎಡಪಂಥೀಯರಾದರೂ ಮೆಚ್ಚಿದರೇ? ಕಮ್ಯುನಿಸ್ಟ್ ವಿಮರ್ಶಕರು ಮೂಗು ಮುರಿದರು. ಯುದ್ಧ ಏಕಾಯಿತು, ಅದರಿಂದ ಯಾರಿಗೆ ಲಾಭವಾಯಿತು ಎಂಬುದನ್ನು ಹೇಳದೆ ಬರೀ ಕಣ್ಣೀರು ತರಿಸಿದರೆ ಏನು ಪ್ರಯೋಜನ ಎಂಬುದು ಅವರ ತಕರಾರು. ಇಂಗ್ಲೆಂಡಿನಲ್ಲಿ ಡಗ್ಲಸ್ ಜೆರಾಲ್ಡ್ 1930ರಲ್ಲಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿ, ಇಂಥ ಪುಸ್ತಕಗಳೆಲ್ಲ ಯುದ್ಧದ ಬಗ್ಗೆ ಸುಳ್ಳು ಹೇಳುತ್ತಿವೆ ಎಂದ. ಆಸ್ಟ್ರಿಯ 1929ರಲ್ಲಿ ಸೈನಿಕರು ಇದನ್ನು ಓದದಂತೆ ತಡೆಯಿತು. ಚೆಕೊಸ್ಲೊವಾಕಿಯ ಸೇನಾ ಗ್ರಂಥಾಲಯಗಳಿಂದ ಹೊರಹಾಕಿತು. ಮುಸೊಲಿನಿಯ ಇಟಲಿ ಅನುವಾದವನ್ನೇ ನಿಷೇಧಿಸಿತು. ಅಮೆರಿಕದಲ್ಲಿ ಬೇರೆಯೇ ತಾಪತ್ರಯ. ಅಲ್ಲಿನ ಪ್ರಕಾಶಕರಿಗೆ ಸಾವಿನ ವರ್ಣನೆ ತೊಂದರೆಯಾಗಲಿಲ್ಲ, ಸಿಪಾಯಿಗಳು ಬಯಲಲ್ಲಿ ಒಟ್ಟಿಗೆ ಶೌಚಕ್ಕೆ ಕೂತು ಹರಟುವ ಪುಟಗಳು ಅಸಭ್ಯವೆನಿಸಿ ಅವನ್ನು ಕತ್ತರಿಸಿದರು!

ಇದೇ ವೇಳೆ ಬ್ರಿಟನ್ನಿನ ಜನರಲ್ ಸರ್ ಇಯಾನ್ ಹ್ಯಾಮಿಲ್ಟನ್, ಗಲಿಪೊಲಿ ಕಾರ್ಯಾಚರಣೆಯ ಸೇನಾಪತಿಯಾಗಿದ್ದವರು, ಪುಸ್ತಕ ಓದಿ ರೆಮಾರ್ಕ್‌ನೊಡನೆ ಪತ್ರವ್ಯವಹಾರ ನಡೆಸಿದರು. ಅದು 1929ರಲ್ಲೇ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿ ರೆಮಾರ್ಕ್, ತನಗೆ ರಾಜಕೀಯ ಬೇಡ, ತಾನು ಬರೆದದ್ದು ತನ್ನ ತಲೆಮಾರಿಗೆ ಒದಗಿದ ಗತಿಯನ್ನು ಎಂಬ ಧಾಟಿಯಲ್ಲಿ ವಿವರಿಸುತ್ತಾನೆ. ಪುಸ್ತಕದ ಆರಂಭದಲ್ಲೂ ಇದು ಆಪಾದನೆ ಅಲ್ಲ ಎಂದೇ ಹೇಳಿದ್ದಾನೆ. ಅಂದ ಮೇಲೆ ಇದನ್ನು ಯುದ್ಧವಿರೋಧಿ ಕಾದಂಬರಿ ಮಾಡಿದವರು ಯಾರು? ಓದುಗರು. ಒಲಿದವರೂ ಮುನಿದವರೂ ಸೇರಿಯೇ ಮಾಡಿದರು.

ಓದುಗರಲ್ಲಿ ಕೆಲವರು ಪುಸ್ತಕದ ಮೂಲಕವೇ ಉತ್ತರ ಕೊಟ್ಟರು. ಇಂಗ್ಲೆಂಡಿನ ಲೇಖಕಿ ಎವಡ್ನೆ ಪ್ರೈಸ್‌ಗೆ ಪ್ರಕಾಶಕರೊಬ್ಬರು ರೆಮಾರ್ಕ್‌ನ ಕಾದಂಬರಿಯ ಅಣಕು ಬರೆದುಕೊಡಿ ಎಂದು ಕೇಳಿದರು. ಆಕೆ ಅದನ್ನು ಒಪ್ಪದೆ, ಯುದ್ಧಭೂಮಿಯಲ್ಲಿ ಆಂಬುಲೆನ್ಸ್ ಓಡಿಸಿದ್ದ ಹೆಣ್ಣುಮಗಳೊಬ್ಬಳ ದಿನಚರಿಯನ್ನು ಆಧರಿಸಿ, ಹೆಲೆನ್ ಜೆನ್ನಾ ಸ್ಮಿತ್ ಎಂಬ ಹೆಸರಿನಲ್ಲಿ 1930ರಲ್ಲಿ ‘ನಾಟ್ ಸೋ ಕ್ವಯಟ್’ ಎಂಬ ಗಂಭೀರ ಕಾದಂಬರಿ ಬರೆದರು. ಗಂಡಸರ ಯುದ್ಧದಲ್ಲಿ ಹೆಂಗಸರೂ ಇದ್ದರೆಂದು ನೆನಪಿಸಿದ ಓದುಗ ಪ್ರತಿಕ್ರಿಯೆ ಅದು.

ಬಿಳಿ ಇಲಿಗಳು, ನಂತರ ಬೆಂಕಿ

ಕಾದಂಬರಿಯನ್ನು ಆಧರಿಸಿ ಲೂಯಿಸ್ ಮೈಲ್‌ಸ್ಟೋನ್ ಹಾಲಿವುಡ್‌ನಲ್ಲಿ ಮಾಡಿದ ಚಿತ್ರ 1930ರ ಡಿಸೆಂಬರಿನಲ್ಲಿ ಬರ್ಲಿನ್‌ಗೆ ಬಂತು. ಡಿಸೆಂಬರ್ 5ರ ಪ್ರದರ್ಶನಕ್ಕೆ ಗೋಬೆಲ್ಸ್‌ನ ಮುಂದಾಳತ್ವದಲ್ಲಿ ನಾಜಿ ಪಡೆಯವರು ಟಿಕೆಟ್ ಕೊಂಡು ಒಳಹೊಕ್ಕರು. ದೀಪ ಆರಿದ ಮೇಲೆ ಕೂಗಾಟ; ದುರ್ವಾಸನೆಯ ಬಾಂಬು; ಸಾಲದ್ದಕ್ಕೆ ಕುರ್ಚಿಗಳ ಕೆಳಗೆ ಬಿಳಿ ಇಲಿಗಳನ್ನು ಬಿಟ್ಟರು. ಮೊದಲು ನಕ್ಕು ಸುಮ್ಮನಾಗುವಂಥ ಪುಂಡಾಟವೆನಿಸೀತು. ಆದರೆ ಬೀದಿ ಪ್ರತಿಭಟನೆ ಮುಂದುವರಿಯಿತು. ಆರನೆಯ ದಿನ, ಡಿಸೆಂಬರ್ 11ರಂದು, ಸರ್ಕಾರದ ಚಲನಚಿತ್ರ ಮಂಡಳಿ ಚಿತ್ರವನ್ನು ನಿಷೇಧಿಸಿತು. ಆಗ ಅಧಿಕಾರದಲ್ಲಿ ಇದ್ದದ್ದು ನಾಜಿಗಳಲ್ಲ, ಗಣರಾಜ್ಯದ ಸರ್ಕಾರ. ಮರುವರ್ಷ ಕತ್ತರಿ ಹಾಕಿ ಬಿಡುಗಡೆ ಮಾಡಿದರೂ, ಗದ್ದಲ ಎಬ್ಬಿಸಿದರೆ ಸರ್ಕಾರ ಮಣಿಯುತ್ತದೆ ಎಂಬ ಪಾಠವನ್ನು ಕಲಿಯಬೇಕಾದವರು ಕಲಿತಾಗಿತ್ತು.

1933ರ ಮೇ 10ರ ರಾತ್ರಿ ಬರ್ಲಿನ್ ಮತ್ತು ಇತರ ವಿಶ್ವವಿದ್ಯಾಲಯ ನಗರಗಳಲ್ಲಿ ಪುಸ್ತಕಗಳನ್ನು ಸುಟ್ಟರು. ಯೋಧರಿಗೆ ದ್ರೋಹ ಮಾಡಿದನೆಂಬ ಆರೋಪವನ್ನು ಗಟ್ಟಿಯಾಗಿ ಓದಿ ರೆಮಾರ್ಕ್‌ನ ಪುಸ್ತಕವನ್ನೂ ಬೆಂಕಿಗೆ ಎಸೆದರು. ಎಸೆದವರು ವಿದ್ಯಾರ್ಥಿಗಳು, ಜೊತೆಯಲ್ಲಿ ಪ್ರಾಧ್ಯಾಪಕರೂ ಇದ್ದರು. ಇಪ್ಪತ್ತರ ಆಸುಪಾಸಿನ ಆ ಹುಡುಗರು ಯುದ್ಧ ನಡೆದಾಗ ಹಾಲುಗಲ್ಲದ ಮಕ್ಕಳು. ಕಾದಂಬರಿಯಲ್ಲಿ ಕಾಂಟೊರೆಕ್ ಎಂಬ ಮಾಸ್ತರನೊಬ್ಬ ಬರುತ್ತಾನೆ. ತರಗತಿಯ ಹುಡುಗರಿಗೆ ದೇಶಭಕ್ತಿಯ ಭಾಷಣ ಮಾಡಿ, ಸಾಲಾಗಿ ನಿಲ್ಲಿಸಿ ಸೈನ್ಯಕ್ಕೆ ಸೇರಿಸುವವನು. ಆ ಮಾಸ್ತರನ ವಿರುದ್ಧ ಎಚ್ಚರಿಸಿದ ಪುಸ್ತಕವನ್ನು ಅಂಥದೇ ಮಾಸ್ತರರ ಶಿಷ್ಯರು ಸುಟ್ಟರು.

ರೆಮಾರ್ಕ್ ಆ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿದ್ದ. 1938ರಲ್ಲಿ ಅವನ ಪೌರತ್ವ ಕಿತ್ತುಕೊಂಡರು. ಮರುವರ್ಷ ಅಮೆರಿಕ ಸೇರಿದ. ಸಿಕ್ಕಿಬಿದ್ದವಳು ತಂಗಿ ಎಲ್‌ಫ್ರೀಡೆ. ಡ್ರೆಸ್ಡೆನ್‌ನಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಆಕೆ, ಯುದ್ಧದಲ್ಲಿ ಜರ್ಮನಿ ಸೋತಂತೆಯೇ ಎಂದು ಮಾತಿನ ನಡುವೆ ಹೇಳಿದ್ದನ್ನು ಯಾರೋ ಪೊಲೀಸರಿಗೆ ಮುಟ್ಟಿಸಿದರು. ಅಣ್ಣ ತಪ್ಪಿಸಿಕೊಂಡ, ನೀನು ತಪ್ಪಿಸಿಕೊಳ್ಳಲಾರೆ ಎಂಬರ್ಥದ ಮಾತನ್ನು ನ್ಯಾಯಾಧೀಶನೇ ಆಡಿದನೆಂದು ಹೇಳುತ್ತಾರೆ. 1943ರ ಡಿಸೆಂಬರ್ 16ರಂದು ಆಕೆಯ ತಲೆ ಕಡಿದರು. ಅಣ್ಣನಿಗೆ ಸುದ್ದಿ ತಿಳಿದದ್ದು ಯುದ್ಧ ಮುಗಿದ ಮೇಲೆ. 1952ರ ತನ್ನ ಕಾದಂಬರಿಯೊಂದನ್ನು ಆಕೆಗೆ ಅರ್ಪಿಸಿದ. 1970ರಲ್ಲಿ ಸ್ವಿಟ್ಜರ್ಲೆಂಡಿನಲ್ಲೇ ತೀರಿಕೊಂಡ.

ನಮ್ಮವರ ಪತ್ರಗಳು

ಪಶ್ಚಿಮ ರಣರಂಗ ನಮಗೆ ಸಂಬಂಧವಿಲ್ಲದ ದೂರದ ಮಾತೆಂದು ತಿಳಿಯಬೇಡಿ. ಆ ಯುದ್ಧಕ್ಕೆ ಭಾರತದಿಂದ ಸಮುದ್ರ ದಾಟಿ ಹೋದವರು ಹತ್ತು ಲಕ್ಷಕ್ಕೂ ಹೆಚ್ಚು. 1914ರ ಶರತ್ಕಾಲದಲ್ಲೇ ನಮ್ಮ ಸಿಪಾಯಿಗಳು ಫ್ರಾನ್ಸಿನ ಕಂದಕಗಳಲ್ಲಿದ್ದರು. ನಮ್ಮ ಮೈಸೂರು ಲ್ಯಾನ್ಸರ್ಸ್ ಹೋರಾಡಿದ್ದು ಬೇರೆ ರಂಗದಲ್ಲಿ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ನಗರ ಗೆದ್ದದ್ದು ನಿಮಗೆಲ್ಲ ಗೊತ್ತಿದೆ. ಬೆಂಗಳೂರಿನಲ್ಲಿ ಅವರ ಸ್ಮಾರಕವೂ ಇದೆ.

ಫ್ರಾನ್ಸಿನಿಂದ ಭಾರತೀಯ ಸಿಪಾಯಿಗಳು ಊರಿಗೆ ಬರೆಸಿದ ಕಾಗದಗಳನ್ನು ಸೇನೆಯ ಸೆನ್ಸಾರ್ ಅಧಿಕಾರಿಗಳು ಒಡೆದು ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ವರದಿ ಮಾಡುತ್ತಿದ್ದರು. ಮೂಲ ಕಾಗದಗಳಲ್ಲಿ ಬಹುಪಾಲು ಕಾಣೆಯಾದವು. ಆ ಅನುವಾದಗಳು ಲಂಡನ್ನಿನಲ್ಲಿ ಉಳಿದುಕೊಂಡವು. ಊರಿನಲ್ಲಿ ಕಾಯುತ್ತಿದ್ದ ತಾಯಿಗಿಂತ ಮೊದಲು ಆ ಪತ್ರ ಓದಿದವನು ಅನುಮಾನದಿಂದ ಓದಿದ ಅಧಿಕಾರಿ. ಇಂದು ನಾವು ಅವನ್ನು ಓದಬಲ್ಲೆವಾದರೆ ಅದಕ್ಕೂ ಅವನೇ ಕಾರಣ. ಫ್ರಾನ್ಸಿನಲ್ಲಿ ಹೋರಾಡಿದ ನಮ್ಮ ಸಿಪಾಯಿಯ ಕಥೆಯನ್ನು ಕಾದಂಬರಿಯಾಗಿಸಿದವರು ಮುಲ್ಕ್ ರಾಜ್ ಆನಂದ್. ಅವರ ‘ಅಕ್ರಾಸ್ ದಿ ಬ್ಲ್ಯಾಕ್ ವಾಟರ್ಸ್’ ಬರುವ ವೇಳೆಗೆ ಎರಡನೆಯ ಮಹಾಯುದ್ಧದ ಕಾಲ ಬಂದಿತ್ತು.

ಒಂದು ಪತ್ರ, ಒಂದು ತಪ್ಪು

ಇಷ್ಟೆಲ್ಲ ಓದಿಯೂ ಯುದ್ಧ ನಿಲ್ಲಲಿಲ್ಲವಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕು. ಲಕ್ಷಾಂತರ ಮಂದಿ ಅತ್ತು ಓದಿದ ಹತ್ತೇ ವರ್ಷಕ್ಕೆ, 1939ರಲ್ಲಿ, ಇನ್ನೂ ದೊಡ್ಡ ಯುದ್ಧ ಬಂತು. ಪುಸ್ತಕ ಯುದ್ಧವನ್ನು ತಡೆಯುತ್ತದೆ ಎಂದು ನಾನು ಹೇಳಲಾರೆ. ಆದರೆ ಅದು ಏನು ಮಾಡಬಲ್ಲದು ಎಂಬುದಕ್ಕೆ ನನ್ನದೇ ಅನುಭವವೊಂದನ್ನು ಹೇಳಿ ಮುಗಿಸುತ್ತೇನೆ.

ಕೆಲಸಕ್ಕೆ ಸೇರಿದ ಹೊಸದು. ನಮ್ಮ ಜಿಲ್ಲೆಯ ಹಳ್ಳಿಯೊಂದಕ್ಕೆ ಗಡಿಯಲ್ಲಿ ಮಡಿದ ಯೋಧನ ಪಾರ್ಥಿವ ಶರೀರ ಬಂದಿತ್ತು. ವರದಿಗೆ ನನ್ನನ್ನು ಕಳಿಸಿದರು. ಎಲ್ಲ ಮುಗಿದ ಮೇಲೆ ಜಗಲಿಯ ಮೇಲೆ ಕೂತಿದ್ದ ಹುಡುಗನ ತಂದೆಯ ಬಳಿ ಹೋಗಿ, ‘ಮಗನ ಬಗ್ಗೆ ಹೆಮ್ಮೆ ಅನಿಸುತ್ತಾ ಯಜಮಾನ್ರೇ?’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ, ‘ಇಷ್ಟೊತ್ನಲ್ಲಿ ನಿಮ್ಗೆ ಬಸ್ಸು ಸಿಗ್ತದಾ?’ ಎಂದರು. ಅಷ್ಟೆ. ನಾನು ಕಚೇರಿಗೆ ಬಂದು, ಮಗನ ಬಲಿದಾನ ನನಗೆ ಹೆಮ್ಮೆ ತಂದಿದೆ ಎಂದು ತಂದೆ ಹೇಳಿದರು ಎಂದು ಬರೆದೆ. ಎಲ್ಲ ತಂದೆಯರೂ ಹಾಗೆ ಹೇಳುತ್ತಾರೆ, ಇವರೂ ಹೇಳಿಯಾರು ಎಂಬುದು ನನ್ನ ಅಂದಾಜು. ಅದೇ ಮಾತು ತಲೆಬರಹವೂ ಆಯಿತು.

ವಾರದ ನಂತರ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಬರೆದವರು ನಿವೃತ್ತ ಹವಾಲ್ದಾರರು. ಬೈಗುಳ ಇರಲಿಲ್ಲ. ತಾವು ರಜೆಯಲ್ಲಿ ಮನೆಗೆ ಬಂದಾಗಲೆಲ್ಲ ಊರವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಅದಕ್ಕೆ ಉತ್ತರವನ್ನೂ ಅವರೇ ಸಿದ್ಧಮಾಡಿಕೊಂಡು ಬರುತ್ತಿದ್ದರು ಎಂದು ಬರೆದಿದ್ದರು. ಕೊನೆಯಲ್ಲಿ, ‘ಆ ತಂದೆ ನಿಜವಾಗಿ ಏನು ಹೇಳಿದರು ಎಂದು ತಿಳಿಸುವಿರಾ?’ ಎಂದು ಕೇಳಿದ್ದರು. ನಾನು ಆ ಪತ್ರವನ್ನು ಮೂರು ರಾಶಿಗಳಲ್ಲಿ ಯಾವುದಕ್ಕೂ ಹಾಕಲಿಲ್ಲ. ಡ್ರಾಯರ್‌ನಲ್ಲಿಟ್ಟು ಬೀಗ ಹಾಕಿದೆ.

ರೆಮಾರ್ಕ್‌ನ ಕಾದಂಬರಿ ನನ್ನ ಕೈಗೆ ಬಂದದ್ದು ಅದಾದ ಕೆಲವು ತಿಂಗಳಿಗೆ. ಅದರಲ್ಲಿ ಪೌಲ್ ರಜೆಯ ಮೇಲೆ ಊರಿಗೆ ಹೋಗುವ ಅಧ್ಯಾಯವಿದೆ. ಊರ ದೊಡ್ಡವರು ಅವನನ್ನು ಕೂರಿಸಿಕೊಂಡು ಯುದ್ಧ ಹೇಗೆ ಗೆಲ್ಲಬೇಕೆಂದು ಅವನಿಗೇ ಹೇಳಿಕೊಡುತ್ತಾರೆ. ತಂದೆಗೆ ರೋಚಕ ಕಥೆಗಳು ಬೇಕು. ಕಾಯಿಲೆಯ ತಾಯಿ ಮಾತ್ರ ಸಣ್ಣ ಸಣ್ಣದನ್ನು ಕೇಳುತ್ತಾಳೆ. ಆ ಅಧ್ಯಾಯದಲ್ಲಿ ಗುಂಡಿನ ಸದ್ದೇ ಇಲ್ಲ. ಆದರೂ ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಅದನ್ನು ಓದುವುದು. ಏಕೆಂದರೆ ಆ ಹಳ್ಳಿಯ ಜಗಲಿಯ ಮುಂದೆ ಪುಸ್ತಕ ಹಿಡಿದು ನಿಂತಿದ್ದ ನಾನು ಆ ದೊಡ್ಡವರಲ್ಲೊಬ್ಬ ಎಂಬುದು ಗೊತ್ತಾಗಿಹೋಯಿತು.

2022ರಲ್ಲಿ ಜರ್ಮನ್ ನಿರ್ದೇಶಕ ಎಡ್ವರ್ಡ್ ಬರ್ಗರ್ ಈ ಕಾದಂಬರಿಯನ್ನು ಮತ್ತೆ ಚಿತ್ರವಾಗಿಸಿದರು. ಅದಕ್ಕೆ ನಾಲ್ಕು ಆಸ್ಕರ್ ಬಂದವು. ಕಂದಕಗಳ ದೃಶ್ಯಗಳು ಎದೆ ನಡುಗಿಸುವಂತಿವೆ. ಆದರೆ ಪೌಲ್ ಊರಿಗೆ ಹೋಗುವ ಭಾಗವೇ ಅದರಲ್ಲಿಲ್ಲ. ಹೊರಗಿನವರು ಬಹಳ ಮೆಚ್ಚಿದರೂ, ಚಿತ್ರ ಮೂಲದಿಂದ ದೂರ ಸರಿದಿದೆ ಎಂದು ಜರ್ಮನಿಯಲ್ಲಿ ಹಲವು ವಿಮರ್ಶಕರು ಆಕ್ಷೇಪಿಸಿದರು. ಅವರ ಆಕ್ಷೇಪ ಸರಿ ಎಂದೇ ನನ್ನ ಭಾವನೆ. ರಣರಂಗದಲ್ಲಿ ಸಿಪಾಯಿ ಪಡುವ ಪಾಡಿಗೆ ಹೊಣೆ ಯಾರೋ ಸೇನಾಪತಿ ಎಂದು ನಾವು ಕೈತೊಳೆದುಕೊಳ್ಳಬಹುದು. ಅವನು ಮನೆಗೆ ಬಂದಾಗ ಕಿವಿಗೊಡದೆ ಹೋದರೆ ಅದರ ಹೊಣೆ ನಮ್ಮದು.

ಈ ಭಾಷಣಕ್ಕೆ ಸಿದ್ಧತೆ ಮಾಡಿಕೊಳ್ಳುವಾಗ ಡ್ರಾಯರ್ ತೆಗೆದು ಆ ಪತ್ರವನ್ನು ಮತ್ತೆ ಓದಿದೆ. ಕಳೆದ ವಾರ ಹವಾಲ್ದಾರರಿಗೆ ಉತ್ತರ ಬರೆದೆ. ಆ ತಂದೆ ಹೆಮ್ಮೆಯ ಮಾತೇನೂ ಆಡಲಿಲ್ಲ, ನನಗೆ ಬಸ್ಸು ಸಿಗುತ್ತದೆಯೇ ಎಂದಷ್ಟೇ ಕೇಳಿದರು, ತಪ್ಪು ನನ್ನದು ಎಂದು ತಿಳಿಸಿದ್ದೇನೆ. ಅವರ ಉತ್ತರ ಇನ್ನೂ ಬಂದಿಲ್ಲ. ಆ ಹಳ್ಳಿಗೂ ಒಮ್ಮೆ ಹೋಗಿಬರುವುದು ಬಾಕಿ ಇದೆ. ಈ ಸಲ ಕೈಯಲ್ಲಿ ಪುಸ್ತಕ, ಪೆನ್ನು ಇರುವುದಿಲ್ಲ.